ಸ್ಟೇಕ್‌ನ ಕೆಂಪು ನೀರು ರಕ್ತವೇ?

ದುಬೈಯಲ್ಲಿ ದುಡಿಯುವ ನಮ್ಮ ಮಕ್ಕಳು ಈಗ ಮನೆಯವರನ್ನು ದೊಡ್ಡ ಸ್ಟೇಕ್‌ಹೌಸ್‌ಗೂ ಕರಕೊಂಡು ಹೋಗ್ತಾರೆ. ಅಲ್ಲಿನ ಮೊದಲ ಪ್ರಶ್ನೆ: ‘ಎಷ್ಟು ಬೇಯಬೇಕು?’ ‘ಮೀಡಿಯಂ ರೇರ್’ ಅಂದರೆ ಮಾಂಸದ ನಡುವಿನ ಬಿಸಿ ಸುಮಾರು 55 ಡಿಗ್ರಿ ಸೆಲ್ಸಿಯಸ್. ಕತ್ತರಿಸಿದರೆ ಒಳಗೆಲ್ಲ ಕೆಂಪು. ನಮ್ಮ ಉಮ್ಮಂದಿರು ಅಲ್ಲೇ ಕೈ ಹಿಂದೆ ತೆಗೀತಾರೆ.

ಆದರೆ ಅದು ರಕ್ತವಲ್ಲ, ಮಾಂಸದ ನೀರಿನಲ್ಲಿ ಬೆರೆತ ಮಯೋಗ್ಲೋಬಿನ್ ಎಂಬ ಪ್ರೋಟೀನಿನ ಬಣ್ಣ. ಕುರ್‌ಆನ್ (6:145) ನಿಷೇಧಿಸಿದ್ದು ಹರಿಯುವ ರಕ್ತವನ್ನು. ಝಬಹ್ ಮಾಡುವಾಗಲೇ ಅದು ಹರಿದು ಹೋಗಿರುತ್ತದೆ. ಆದರೂ ಮನಸ್ಸು ಒಪ್ಪದಿದ್ದರೆ ‘ವೆಲ್ ಡನ್’ ಕೇಳಿ, ನಾಚಿಕೆ ಬೇಡ.

ನಾವು ಕೇಳಲೇಬೇಕಾದ ಪ್ರಶ್ನೆ ಬೇರೆಯೇ ಇದೆ: ಸಾಸ್‌ಗೆ ವೈನ್ ಹಾಕಿದ್ದೀರಾ? ಪೆಪ್ಪರ್ ಸಾಸ್‌ಗೆ ಬ್ರಾಂಡಿ ಹಾಕುವ ಕ್ರಮವೂ ಉಂಟು. ಮಾಂಸ ಮಾತ್ರ ಹಲಾಲ್ ಆದರೆ ಸಾಲದು. ಬೆಲೆ ನೋಡುವ ಮೊದಲು ಇದನ್ನು ಕೇಳೋಣ.