ತಂತ್ರಾಂಶ ಕಟ್ಟುವ ಮೇಸ್ತ್ರಿ

ಮನೆಯನ್ನು ಕಟ್ಟುವವರು ಮೊದಲು ತಳಪಾಯ ಹಾಕಿ, ಆಮೇಲೆ ಗೋಡೆಯನ್ನೆಬ್ಬಿಸಿ, ಕೊನೆಗೆ ಮಾಳಿಗೆಯನ್ನು ಹೊದಿಸುತ್ತಾರೆ. ಈ ಕ್ರಮ ತಪ್ಪಿದರೆ ಒಡನೆಯೇ ಕಣ್ಣಿಗೆ ಕಾಣುತ್ತದೆ. ಕಂಪ್ಯೂಟರ್ ಪ್ರೋಗ್ರಾಂ ಎಂಬುದೂ ಒಂದು ಕಟ್ಟಡವೇ. ಅದಕ್ಕೂ ತಳಪಾಯವುಂಟು, ಗೋಡೆಯುಂಟು, ಹೊರಗಿನಿಂದ ತರಿಸಬೇಕಾದ ಸಾಮಗ್ರಿಯುಂಟು. ಆದರೆ ಅಲ್ಲಿ ಕ್ರಮ ತಪ್ಪಿದುದು ಸುಲಭವಾಗಿ ಗೋಚರವಾಗುವುದಿಲ್ಲ. ಆದುದರಿಂದ ಕೆಲಸವನ್ನು ನಿಂತು ಮಾಡಿಸುವ ಮೇಸ್ತ್ರಿಯೊಬ್ಬನು ಅಲ್ಲಿ ಇನ್ನೂ ಅಗತ್ಯ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ೨೦೨೨ರ ಪಠ್ಯಯೋಜನೆಯಲ್ಲಿ ‘ಡೆವ್‌ಆಪ್ಸ್’ ಎಂಬ ಪ್ರಯೋಗಾಲಯದ ವಿಷಯವೊಂದಿದೆ. ಮೇವನ್ ಮತ್ತು ಗ್ರೇಡಲ್ ಎಂಬ ಇಂಥ ಇಬ್ಬರು ಮೇಸ್ತ್ರಿಗಳ ಪರಿಚಯ ಮತ್ತು ಸ್ಥಾಪನೆಯೇ ಅದರ ಮೊದಲ ಪ್ರಯೋಗ. ಹೊಸಪೇಟೆಯ ಪ್ರೌಢದೇವರಾಯ ತಾಂತ್ರಿಕ ಮಹಾವಿದ್ಯಾಲಯವೂ ಇದೇ ವಿಶ್ವವಿದ್ಯಾಲಯಕ್ಕೆ ಸೇರಿದೆ. ಇಂದು ಕಂಪ್ಲಿಯಲ್ಲಿಯೋ ಸಂಡೂರಿನಲ್ಲಿಯೋ ಪ್ರೌಢಶಾಲೆಯಲ್ಲಿ ಓದುತ್ತಿರುವವರು ಮುಂದೆ ಈ ಪ್ರಯೋಗವನ್ನು ಮಾಡಬೇಕಾಗಿ ಬರಬಹುದು. ಮೇವನ್ನನ್ನು ಲಿನಕ್ಸ್ ಯಂತ್ರದಲ್ಲಿ ನೆಲೆಗೊಳಿಸುವ ಬಗೆಯನ್ನೂ ಅದರ ಹಿಂದಿನ ತತ್ತ್ವವನ್ನೂ ನಾವು ಇಲ್ಲಿ ವಿಚಾರಿಸೋಣ.

ವ್ಯರ್ಥವಾದ ಒಂದು ಬೆಳಗು

ಮನುಷ್ಯನು ಬರೆದ ಜಾವಾ ಪ್ರೋಗ್ರಾಮನ್ನು ಯಂತ್ರವು ನೇರವಾಗಿ ನಡೆಸಲಾರದು. ಕಂಪೈಲರ್ ಎಂಬ ಅನುವಾದಕವು ಅದನ್ನು ಮೊದಲು ಬೈಟ್‌ಕೋಡ್ ಎಂಬ ರೂಪಕ್ಕೆ ತಿರುಗಿಸಬೇಕು. ಹಾಗೆ ತಿರುಗಿಸಿದುದನ್ನು ಪರೀಕ್ಷಿಸಿ, ‘ಜಾರ್’ ಎಂಬ ಒಂದೇ ಕಟ್ಟಿನಲ್ಲಿ ಸೇರಿಸಬೇಕು. ಐದಾರು ಕಡತಗಳಿದ್ದರೆ ಇದನ್ನೆಲ್ಲ ಕೈಯಿಂದಲೇ ಮಾಡಬಹುದು. ಐನೂರಿದ್ದರೆ ಮರೆವು ತಪ್ಪದು.

ಈ ಮರೆವಿನಿಂದಲೇ ಇಂಥ ಉಪಕರಣಗಳ ವಂಶ ಹುಟ್ಟಿತು. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಸ್ಟೀವ್ ಜಾನ್ಸನ್ ಎಂಬವರು ತಮ್ಮ ಪ್ರೋಗ್ರಾಮಿನಲ್ಲಿ ದೋಷವನ್ನು ಹುಡುಕುತ್ತ ಒಂದು ಬೆಳಗನ್ನೆಲ್ಲ ಕಳೆದರು. ದೋಷವನ್ನು ಅವರು ಆಗಲೇ ತಿದ್ದಿದ್ದರು. ಆದರೆ ತಿದ್ದಿದ ಕಡತವು ಮತ್ತೆ ಅನುವಾದಗೊಂಡಿರಲಿಲ್ಲ. ಯಂತ್ರವು ಹಳೆಯದನ್ನೇ ನಡೆಸುತ್ತಿತ್ತು. ಅವರ ಸಂಕಟವನ್ನು ಕೇಳಿದ ಸ್ಟುವರ್ಟ್ ಫೆಲ್ಡ್‌ಮನ್ ೧೯೭೬ರಲ್ಲಿ ‘ಮೇಕ್’ ಎಂಬ ಉಪಕರಣವನ್ನು ರಚಿಸಿದರು. ಯಾವುದು ಯಾವುದನ್ನು ಅವಲಂಬಿಸಿದೆ ಎಂಬ ಪಟ್ಟಿಯನ್ನು ಕೊಟ್ಟರೆ, ಬದಲಾದ ಭಾಗವನ್ನೂ ಅದನ್ನು ನಂಬಿದ ಭಾಗಗಳನ್ನೂ ಮಾತ್ರ ಅದು ಮತ್ತೆ ಕಟ್ಟುತ್ತದೆ. ಜಾವಾ ಭಾಷೆ ೧೯೯೫ರಲ್ಲಿ ಹೊರಬಂದ ಮೇಲೆ ಅದಕ್ಕೆ ತಕ್ಕ ಉಪಕರಣಗಳೂ ಬಂದವು. ೨೦೦೦ದಲ್ಲಿ ಆಂಟ್, ೨೦೦೪ರಲ್ಲಿ ಮೇವನ್ನಿನ ಮೊದಲ ಪೂರ್ಣ ಆವೃತ್ತಿ, ೨೦೦೮ರಲ್ಲಿ ಗ್ರೇಡಲ್.

ತಳಪಾಯ ಮೊದಲು

ಮೇವನ್ ತಾನೇ ಜಾವಾದಲ್ಲಿ ಬರೆದ ಪ್ರೋಗ್ರಾಂ. ಆದುದರಿಂದ ಯಂತ್ರದಲ್ಲಿ ಜಾವಾ ಮೊದಲೇ ಇರಬೇಕು. ಇಲ್ಲಿ ಅನೇಕ ವಿದ್ಯಾರ್ಥಿಗಳು ಎಡವುತ್ತಾರೆ. ಜಾವಾ ಎರಡು ರೂಪಗಳಲ್ಲಿ ದೊರೆಯುತ್ತದೆ. ಜೆಆರ್‌ಇ ಎಂಬುದು ಸಿದ್ಧವಾದ ಪ್ರೋಗ್ರಾಮನ್ನು ನಡೆಸಬಲ್ಲದು, ಅಷ್ಟೆ. ಜೆಡಿಕೆ ಎಂಬುದರಲ್ಲಿ ಕಂಪೈಲರ್ ಕೂಡ ಇರುತ್ತದೆ. ಮೊದಲನೆಯದು ಮಾತ್ರ ಇದ್ದರೆ ಮೇವನ್ ಎದ್ದು ನಿಲ್ಲುತ್ತದೆ, ಆದರೆ ಕೆಲಸಕ್ಕೆ ಹಚ್ಚಿದೊಡನೆ ಕಂಪೈಲರ್ ಇಲ್ಲವೆಂದು ದೂರುತ್ತದೆ. ಮೇಸ್ತ್ರಿ ಬಂದಿದ್ದಾನೆ, ಗಾರೆಯವನು ಬಂದಿಲ್ಲ ಎಂಬಂಥ ಸ್ಥಿತಿ ಇದು.

ಇನ್ನು ಮುಂದೆ ನಾವು ಕನ್ನಡದಲ್ಲಿ ಬರೆಯುವ ಆಜ್ಞೆಗಳನ್ನು ಯಂತ್ರಕ್ಕೆ ರೋಮನ್ ಲಿಪಿಯ ಚಿಕ್ಕಕ್ಷರಗಳಲ್ಲಿ ಕೊಡಬೇಕೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಉಬುಂಟು, ಡೆಬಿಯನ್ ಮುಂತಾದ ಲಿನಕ್ಸ್‌ಗಳಲ್ಲಿ ‘ಎಪಿಟಿ’ ಎಂಬ ಉಗ್ರಾಣಿಯಿದ್ದಾನೆ. ‘ಸುಡೋ ಎಪಿಟಿ ಅಪ್‌ಡೇಟ್’ ಎಂದರೆ ಅವನು ತನ್ನ ಪಟ್ಟಿಯನ್ನು ಹೊಸದಾಗಿಸಿಕೊಳ್ಳುತ್ತಾನೆ. ‘ಸುಡೋ ಎಪಿಟಿ ಇನ್‌ಸ್ಟಾಲ್ ಡಿಫಾಲ್ಟ್-ಜೆಡಿಕೆ’ ಎಂದರೆ ಜಾವಾ ಬರುತ್ತದೆ. ಕೊನೆಯ ಪದದ ಬದಲು ‘ಮೇವನ್’ ಎಂದರೆ ಮೇವನ್ ಬರುತ್ತದೆ. ‘ಸುಡೋ’ ಎಂಬುದು ಯಂತ್ರದ ಒಡೆಯನ ಅಧಿಕಾರದಿಂದ ಕೆಲಸ ಮಾಡಿಸುವ ಮಾತು; ಅದಕ್ಕೆ ಗುಪ್ತಪದ ಬೇಕಾಗುತ್ತದೆ. ಕೊನೆಗೆ ‘ಎಂವಿಎನ್ -ವರ್ಷನ್’ ಎಂದು ಕೇಳಿದರೆ, ಮೇವನ್ ತನ್ನ ಆವೃತ್ತಿಯನ್ನೂ ತಾನು ಬಳಸುತ್ತಿರುವ ಜಾವಾದ ಆವೃತ್ತಿಯನ್ನೂ ತಿಳಿಸುತ್ತದೆ. ಜಾವಾದ ಆವೃತ್ತಿಯನ್ನು ತಿಳಿಸುವ ಸಾಲನ್ನು ತಪ್ಪದೆ ಓದಬೇಕು. ಒಂದೇ ಯಂತ್ರದಲ್ಲಿ ಎರಡು ಜಾವಾಗಳಿದ್ದರೆ ಗೊಂದಲ ತಿಳಿಯುವುದು ಇಲ್ಲಿಯೇ.

ಕೈಯಿಂದ ನೆಲೆಗೊಳಿಸುವ ಬಗೆ

ಉಗ್ರಾಣದಲ್ಲಿರುವ ಆವೃತ್ತಿ ಕೆಲವೊಮ್ಮೆ ಹಳೆಯದಾಗಿರುತ್ತದೆ. ಹೊಸದೇ ಬೇಕೆನ್ನುವವರು ಅಪಾಚೆ ಸಂಸ್ಥೆಯ ಮೇವನ್ ತಾಣದಿಂದ ಅದರ ಕಟ್ಟನ್ನು ತರಿಸಿಕೊಳ್ಳಬಹುದು. ೩.೯ನೆಯ ಶ್ರೇಣಿಯ ಕಟ್ಟು ಸುಮಾರು ೯ ಮೆಗಾಬೈಟ್ ಮಾತ್ರ. ಅದಕ್ಕೆ ಜಾವಾ ೮ ಅಥವಾ ಅದಕ್ಕಿಂತ ಹೊಸದು ಬೇಕು.

ಕಟ್ಟನ್ನು ಬಿಚ್ಚುವ ಮೊದಲು ಅದರ ಮುದ್ರೆಯನ್ನು ನೋಡಬೇಕು. ತಾಣದಲ್ಲಿ ಕಟ್ಟಿನ ಜೊತೆಗೆ ೧೨೮ ಚಿಹ್ನೆಗಳ ಒಂದು ಸಾಲನ್ನು ಪ್ರಕಟಿಸಿರುತ್ತಾರೆ. ಕಟ್ಟಿನ ಪ್ರತಿಯೊಂದು ಬೈಟನ್ನೂ ಲೆಕ್ಕಕ್ಕೆ ತೆಗೆದುಕೊಂಡು ಗಣಿಸಿದ ಸಾಲು ಅದು. ‘ಎಸ್‌ಎಚ್‌ಎ೫೧೨ಸಮ್’ ಎಂಬ ಆಜ್ಞೆಯಿಂದ ನಮ್ಮ ಯಂತ್ರದಲ್ಲಿಯೂ ಅದೇ ಲೆಕ್ಕವನ್ನು ಮಾಡಿಸಬಹುದು. ದಾರಿಯಲ್ಲಿ ಒಂದೇ ಒಂದು ಬೈಟು ಕೆಟ್ಟಿದ್ದರೂ ಎರಡು ಸಾಲುಗಳು ಹೊಂದುವುದಿಲ್ಲ. ಹೊಂದದಿದ್ದರೆ ಕಟ್ಟನ್ನು ಅಳಿಸಿ ಮತ್ತೆ ತರಿಸಬೇಕು.

ಬಿಚ್ಚಿದ ಕಟ್ಟನ್ನು ಸಾಮಾನ್ಯವಾಗಿ ‘ಆಪ್ಟ್’ ಎಂಬ ಕೋಶದಲ್ಲಿ ಇಡುತ್ತಾರೆ. ಇಷ್ಟಾದರೂ ‘ಎಂವಿಎನ್’ ಎಂದರೆ ಯಂತ್ರವು ‘ಅಂಥ ಆಜ್ಞೆಯಿಲ್ಲ’ ಎನ್ನಬಹುದು. ಇದಕ್ಕೆ ಕಾರಣವಿಷ್ಟೆ. ಆಜ್ಞೆಯನ್ನು ಕೇಳಿದೊಡನೆ ಲಿನಕ್ಸ್ ಡಿಸ್ಕನ್ನೆಲ್ಲ ಜಾಲಾಡುವುದಿಲ್ಲ. ‘ಪಾಥ್’ ಎಂಬ ಪಟ್ಟಿಯಲ್ಲಿರುವ ಕೋಶಗಳಲ್ಲಿ ಮಾತ್ರ ಹುಡುಕುತ್ತದೆ. ವಿಳಾಸಪಟ್ಟಿಯಲ್ಲಿಲ್ಲದ ಮನೆಗೆ ಅಂಚೆಯವನು ಹೋಗುವುದಿಲ್ಲವಷ್ಟೆ. ಮೇವನ್ನಿನ ‘ಬಿನ್’ ಕೋಶವನ್ನು ಆ ಪಟ್ಟಿಗೆ ಸೇರಿಸಿ, ‘ಜಾವಾ ಹೋಮ್’ ಎಂಬ ಚರಕ್ಕೆ ಜೆಡಿಕೆಯ ನೆಲೆಯನ್ನು ಕೊಟ್ಟು, ಎರಡನ್ನೂ ಬ್ಯಾಷ್‌ನ ಆರಂಭದ ಕಡತದಲ್ಲಿ ಬರೆದಿಟ್ಟರೆ ಹೊಸ ಟರ್ಮಿನಲ್ ತೆರೆದಾಗಲೆಲ್ಲ ಅವು ಜಾರಿಯಲ್ಲಿರುತ್ತವೆ. ಈ ಎರಡು ಹೆಸರುಗಳನ್ನು ಮಾತ್ರ ದೊಡ್ಡಕ್ಷರಗಳಲ್ಲಿ, ಜಾವಾ ಮತ್ತು ಹೋಮ್ ಪದಗಳ ನಡುವೆ ಅಡಿಗೆರೆಯಿಟ್ಟು, ಬರೆಯಬೇಕು.

ಮೊದಲ ಕಟ್ಟಡ

ಮೇವನ್ನಿಗೆ ಕೊಡುವ ನಕ್ಷೆಯ ಹೆಸರು ‘ಪೋಮ್’. ಪ್ರೋಗ್ರಾಮಿನ ಹೆಸರು, ಆವೃತ್ತಿ ಮತ್ತು ಅದಕ್ಕೆ ಬೇಕಾದ ಹೊರಗಿನ ಸಾಮಗ್ರಿಗಳು ಅದರಲ್ಲಿರುತ್ತವೆ. ‘ಎಂವಿಎನ್ ಪ್ಯಾಕೇಜ್’ ಎಂದರೆ ಮೇವನ್ ನಕ್ಷೆಯನ್ನು ಪರಿಶೀಲಿಸಿ, ಅನುವಾದ ಮಾಡಿಸಿ, ಪರೀಕ್ಷೆ ನಡೆಸಿ, ಜಾರ್ ಕಟ್ಟುತ್ತದೆ. ಪರೀಕ್ಷೆಯಲ್ಲಿ ಸೋತರೆ ಮುಂದಿನ ಹಂತಕ್ಕೆ ಕಾಲಿಡುವುದಿಲ್ಲ.

ಬೇಕಾದ ಸಾಮಗ್ರಿಗಳನ್ನು ಮೇವನ್ ಅಂತರಜಾಲದ ಕೇಂದ್ರ ಉಗ್ರಾಣದಿಂದ ತಾನೇ ತರಿಸಿ, ಬಳಕೆದಾರನ ಕೋಶದಲ್ಲಿ ಕೂಡಿಡುತ್ತದೆ. ಆದುದರಿಂದ ಮೊದಲ ಸಲ ಕೆಲಸ ನಿಧಾನ, ಡೇಟಾ ವೆಚ್ಚವೂ ಹೆಚ್ಚು. ಮೊಬೈಲ್ ಡೇಟಾವನ್ನೇ ನೆಚ್ಚಿದ ವಿದ್ಯಾರ್ಥಿಯು ಈ ಮೊದಲ ಸಲವನ್ನು ಕಾಲೇಜಿನಲ್ಲಿಯೇ ಮುಗಿಸಿಕೊಳ್ಳುವುದು ಜಾಣತನ. ತನ್ನದೇ ಲ್ಯಾಪ್‌ಟಾಪಿನಲ್ಲಿ ಒಮ್ಮೆ ಸಂಗ್ರಹವಾದ ಮೇಲೆ, ಆಜ್ಞೆಗೆ ‘-ಓ’ ಎಂಬ ಗುರುತನ್ನು ಸೇರಿಸಿ ಜಾಲವಿಲ್ಲದೆಯೂ ಆ ಕೆಲಸವನ್ನು ಮನೆಯಲ್ಲಿ ಮುಂದುವರಿಸಬಹುದು.

ಒಂದು ಕೊಂಡಿ

ಹೀಗೆ ತಂದ ಸಾಮಗ್ರಿಗೂ ಅದರದೇ ಸಾಮಗ್ರಿಗಳು ಬೇಕು. ಅವುಗಳಿಗೆ ಮತ್ತೆ ಬೇರೆಯವು. ನಾವು ಕೇಳಿದುದು ಎರಡಾದರೂ ಬರುವುದು ಇಪ್ಪತ್ತಾಗಬಹುದು. ಹೀಗೆ ಬೆಳೆದ ಸರಪಳಿಯಲ್ಲಿ ಒಂದು ಕೊಂಡಿಯ ಬೆಲೆಯೇನೆಂಬುದನ್ನು ಹೊಸಪೇಟೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ೩೩ ಕ್ರಸ್ಟ್ ಗೇಟುಗಳಲ್ಲಿ ೧೯ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಉಳಿದ ಗೇಟುಗಳನ್ನೂ ತೆರೆದು, ಬೆಳೆಗೆಂದು ಕೂಡಿಟ್ಟ ನೀರನ್ನು ನದಿಗೆ ಬಿಡಬೇಕಾಯಿತು. ಒಂದು ವಾರದ ಶ್ರಮದಿಂದ ತಾತ್ಕಾಲಿಕ ಗೇಟನ್ನು ಕೂರಿಸಲಾಯಿತು.

ತಂತ್ರಾಂಶದ ಜಗತ್ತಿನಲ್ಲಿ ಇಂಥದು ೨೦೨೧ರ ಡಿಸೆಂಬರಿನಲ್ಲಿ ನಡೆಯಿತು. ಪ್ರೋಗ್ರಾಮಿನ ದಿನಚರಿಯನ್ನು ಬರೆದಿಡುವ ‘ಲಾಗ್‌ಫೋರ್‌ಜೆ’ ಎಂಬ ಜಾವಾ ಸಾಮಗ್ರಿಯಲ್ಲಿ, ದೂರದಲ್ಲಿರುವ ಅಪರಿಚಿತನು ಯಂತ್ರವನ್ನು ವಶಪಡಿಸಿಕೊಳ್ಳಬಹುದಾದ ಬಿರುಕು ಬೆಳಕಿಗೆ ಬಂದಿತು. ಅದನ್ನು ತಾವು ಬಳಸುತ್ತಿದ್ದೇವೆಂಬುದೇ ಅನೇಕರಿಗೆ ತಿಳಿದಿರಲಿಲ್ಲ. ಅದು ಇತರ ಸಾಮಗ್ರಿಗಳ ಬೆನ್ನಿಗೆ ಅಂಟಿಕೊಂಡು ಬಂದಿತ್ತು. ‘ಎಂವಿಎನ್ ಡಿಪೆಂಡೆನ್ಸಿ:ಟ್ರೀ’ ಎಂಬ ಆಜ್ಞೆಯ ಮಹತ್ತ್ವ ಇಲ್ಲಿದೆ. ಯಾವುದು ಯಾವುದರ ಮೂಲಕ ಬಂತೆಂಬ ವಂಶವೃಕ್ಷವನ್ನು ಅದು ನಮ್ಮೆದುರು ಬಿಡಿಸಿಡುತ್ತದೆ. ನಕ್ಷೆಯಿದ್ದವರು ಕೆಟ್ಟ ಕೊಂಡಿಯನ್ನು ಬೇಗ ಕಂಡುಹಿಡಿದು, ಆವೃತ್ತಿಯ ಸಂಖ್ಯೆಯನ್ನು ತಿದ್ದಿ, ಮತ್ತೆ ಕಟ್ಟಬಲ್ಲವರಾದರು.

ಮೇಸ್ತ್ರಿಯು ಕ್ರಮವನ್ನು ಕಾಯುತ್ತಾನೆ, ಮರೆವನ್ನು ತಡೆಯುತ್ತಾನೆ. ಆದರೆ ಬಂದ ಸಾಮಗ್ರಿ ಒಳ್ಳೆಯದೇ ಎಂದು ನೋಡುವ ಹೊಣೆ ಮನೆಯೊಡೆಯನದೇ. ಮೇವನ್ನನ್ನು ನೆಲೆಗೊಳಿಸುವ ವಿದ್ಯಾರ್ಥಿಯು ಮುದ್ರೆಯನ್ನು ಹೋಲಿಸಿ ನೋಡುವ, ಆವೃತ್ತಿಯ ಸಾಲನ್ನು ಓದುವ, ವಂಶವೃಕ್ಷವನ್ನು ಬಿಡಿಸಿ ನೋಡುವ ಅಭ್ಯಾಸಗಳನ್ನು ಅದೇ ದಿನ ಆರಂಭಿಸಲಿ. ಆಜ್ಞೆಗಳು ಕಾಲಕಾಲಕ್ಕೆ ಬದಲಾದಾವು. ಈ ಅಭ್ಯಾಸಗಳು ಎಲ್ಲ ಕಾಲಕ್ಕೂ ಉಪಯೋಗಕ್ಕೆ ಬರುತ್ತವೆ.