ಅಡಿಕೆ ತೋಟದ ನಡುವೆ ಮಳೆಯ ಲೆಕ್ಕ

ಚೆರ್ಕಳ–ಜಾಲ್ಸೂರು ರಸ್ತೆ ಬಿಟ್ಟು ದೇಲಂಪಾಡಿಯ ಒಳದಾರಿ ಹಿಡಿದರೆ ಒಂದು ಗುಡ್ಡ ಇಳಿಯುವಷ್ಟರಲ್ಲಿ ಇನ್ನೊಂದು ಎದುರಾಗುತ್ತದೆ. ತಗ್ಗಿನಲ್ಲೆಲ್ಲ ಅಡಿಕೆ, ಏರಿನಲ್ಲಿ ರಬ್ಬರು. ಗಡಿಯಾಚೆ ಸುಳ್ಯ ತಾಲೂಕಿನ ಮಂಡೆಕೋಲು. ಹವಾಮಾನ ಇಲಾಖೆಯ ಪುಸ್ತಕದಲ್ಲಿ ಈಚೆ ಬಿದ್ದ ಮಳೆ ‘ಕೇರಳ ಮತ್ತು ಮಾಹೆ’ ಉಪವಿಭಾಗಕ್ಕೆ, ಆಚೆ ಬಿದ್ದದ್ದು ‘ಕರಾವಳಿ ಕರ್ನಾಟಕ’ಕ್ಕೆ.

ನಾನು ಹೋದದ್ದು ಇಲ್ಲಿನ ಕೃಷಿಕರೊಬ್ಬರ ಮಳೆಮಾಪಕ ನೋಡಲು. ಮನೆಯ ಹತ್ತಿರವೇ ಇದ್ದೀತು ಅಂದುಕೊಂಡರೆ, “ಇಲ್ಲಿ ಎಲ್ಲಿ ಮಾರಾಯ್ರೆ, ಮೇಲೆ ಬನ್ನಿ” ಎಂದು ಗುಡ್ಡ ಹತ್ತಿಸಿದರು. ಕಾರಣ ಇದೆ. ಮಾಪಕದಿಂದ ಸುತ್ತಲಿನ ಮರ, ಮಾಡುಗಳು ತಮ್ಮ ಎತ್ತರದ ಎರಡು ಪಟ್ಟಾದರೂ ದೂರ ಇರಬೇಕೆಂಬುದು ನಿಯಮ. ಬೆಳೆದ ಅಡಿಕೆ ಮರ 15 ಮೀಟರ್ ಎಂದಿಟ್ಟುಕೊಂಡರೂ ಸುತ್ತ 30 ಮೀಟರ್ ಬಯಲು ಬೇಕು. ಗದ್ದೆಗಳೆಲ್ಲ ತೋಟವಾದ ಮೇಲೆ ಅಂಥ ಬಯಲು ಕಣಿವೆಯಲ್ಲಿ ಎಲ್ಲಿಂದ ಬರಬೇಕು? ಕೊನೆಗೆ ಉಳಿದದ್ದು ಮುರಕಲ್ಲಿನ ಪಾದೆಯ ಪಕ್ಕದ ಈ ಹುಲ್ಲು ಜಾಗ. ಸಾವಿರಾರು ರೂಪಾಯಿಯ ಉಪಕರಣವನ್ನು ಸೂರಿನ ಕೆಳಗೆ ಇಟ್ಟವರನ್ನೂ ಕಂಡಿದ್ದೇನೆ. ಅಂಥ ಅಂಕಿಗಿಂತ ಈ ಗುಡ್ಡದ ಅಂಕಿಯನ್ನೇ ನಾನು ನಂಬುತ್ತೇನೆ.

ಉಪಕರಣ ನೋಡಲು ಏನೂ ಅಲ್ಲ. ಫೈಬರಿನ ಉರುಟು ಡಬ್ಬಿ, ಮೇಲೆ ಹಿತ್ತಾಳೆ ಅಂಚಿನ ಆಲಿಕೆ, ಒಳಗೆ ಪ್ಲಾಸ್ಟಿಕ್ ಬಾಟಲಿ. ಆಲಿಕೆಯ ಅಂಚು ಸಪಾಟಾಗಿ, ನೆಲದಿಂದ 30 ಸೆಂ.ಮೀ. ಎತ್ತರದಲ್ಲಿದೆ. ಅದಕ್ಕಿಂತ ತಗ್ಗಾದರೆ ನೆಲದ ನೀರು ಸಿಡಿದು ಒಳಗೆ ಬೀಳುತ್ತದೆ, ತೀರಾ ಎತ್ತರವಾದರೆ ಗಾಳಿ ಹನಿಗಳನ್ನು ಆಚೆ ಹಾರಿಸುತ್ತದೆ. ಬಾಯಿಯ ವಿಸ್ತೀರ್ಣ 200 ಚದರ ಸೆಂ.ಮೀ. ಹಳಬರು ‘ಸೈಮನ್ಸ್’ ಎನ್ನುತ್ತಿದ್ದ ಲೋಹದ ಮಾಪಕದ ಬಾಯಿ ಐದು ಇಂಚು ಅಗಲದ್ದು.

ಗಂಟೆ ಎಂಟೂವರೆ. ಅವರು ಮೊದಲು ಆಲಿಕೆಯಲ್ಲಿ ಸಿಕ್ಕಿಕೊಂಡಿದ್ದ ರಬ್ಬರಿನ ತರಗೆಲೆ ತೆಗೆದರು. ಬಾಟಲಿ ಎತ್ತಿ ಗೆರೆ ಹಾಕಿದ ಗಾಜಿನ ಲೋಟಕ್ಕೆ ನೀರು ಸುರಿದರು, ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದರು. ನೀರಿನ ಮೈ ಗಾಜಿನ ಬದಿಯಲ್ಲಿ ತುಸು ಮೇಲೇರಿ ನಡುವೆ ತಗ್ಗಿರುತ್ತದಲ್ಲ, ಓದಬೇಕಾದದ್ದು ಆ ತಗ್ಗನ್ನು. ಚೆಲ್ಲಿದರು, ಮತ್ತೆ ತುಂಬಿದರು, ಕೂಡಿಸಿ ಪುಸ್ತಕದಲ್ಲಿ ಇಂದಿನ ತಾರೀಕಿನ ಎದುರು ಬರೆದರು. ಹೆಚ್ಚಿನದ್ದು ನಿನ್ನೆ ಸಂಜೆಯ ಮಳೆ. ಆದರೂ ಎಂಟೂವರೆಯಿಂದ ಎಂಟೂವರೆಗೆ ಸುರಿದದ್ದೆಲ್ಲ ಅಳೆದ ದಿನದ ಲೆಕ್ಕಕ್ಕೇ ಸೇರುತ್ತದೆ. ನಮ್ಮ ಎಂಟೂವರೆ ಎಂದರೆ ಗ್ರೀನಿಚ್‌ನಲ್ಲಿ ನಸುಕಿನ ಮೂರು ಗಂಟೆ. ಜಗತ್ತಿನ ವೀಕ್ಷಣಾಲಯಗಳು ಒಟ್ಟಿಗೆ ಅಳತೆ ತೆಗೆಯುವ ಹೊತ್ತುಗಳಲ್ಲಿ ಅದೂ ಒಂದು.

ಪುಸ್ತಕ ತಿರುವಿದೆ. ಬೇಸಗೆಯ ಪುಟಗಳಲ್ಲಿ ಸಾಲುಗಟ್ಟಿ ಸೊನ್ನೆಗಳು. “ಮಳೆ ಇಲ್ಲದ ದಿನ ಬರೆಯದಿದ್ದರೆ, ಮಳೆ ಬರಲಿಲ್ಲವೋ ನಾನು ಮನೆಯಲ್ಲಿರಲಿಲ್ಲವೋ ಅಂತ ಆಮೇಲೆ ಗೊತ್ತಾಗುವುದು ಹೇಗೆ?” ಎಂದರು. ಲೆಕ್ಕದ ಉಪಯೋಗ ಕಾಣುವುದು ಅಡಿಕೆಯ ಕೊಳೆರೋಗದ ಕಾಲದಲ್ಲಿ. ಮಳೆಗಾಲದ ಮುಂಚೆ ಒಮ್ಮೆ ಬೋರ್ಡೋ ದ್ರಾವಣ ಸಿಂಪಡಿಸಿದರೆ, ಎರಡನೆಯ ಮದ್ದು 40–45 ದಿನದ ಮೇಲೆ. ಎಡೆಬಿಡದೆ ಸುರಿದ ವರ್ಷ ಆ ಗಡುವನ್ನು ನೆಚ್ಚಿ ಕೂರುವಂತಿಲ್ಲ.

ಜಗಲಿಯ ಕಂಬದಲ್ಲಿ ಒಂದು ಥರ್ಮಾಮೀಟರೂ ತೂಗುತ್ತಿತ್ತು. ಅದು ಹೇಳುವುದು ಜಗಲಿಯ ಸೆಖೆಯನ್ನು. ಊರಿನ ಸೆಖೆ ತಿಳಿಯಬೇಕಾದರೆ ಸ್ಟೀವನ್‌ಸನ್ ಪೆಟ್ಟಿಗೆ ಬೇಕು: ಬಿಳಿ ಬಣ್ಣದ, ಗಾಳಿಯಾಡುವ ಪಟ್ಟಿಗಳ ಮರದ ಗೂಡು, ಬಿಸಿಲು ಒಳಗೆ ಬೀಳದಂತೆ ಬಾಗಿಲು ಉತ್ತರಕ್ಕೆ. ಅಂಥದ್ದನ್ನು ನೋಡಲು ಕಾಸರಗೋಡಿನ ಸಿಪಿಸಿಆರ್‌ಐಗೆ ಹೋಗಬೇಕು. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದ ಸಂಸ್ಥೆ ಅದು.

ಗಡಿಯಾಚೆಯ ಕತೆ ಬೇರೆ. ಕರ್ನಾಟಕದ ವಿಪತ್ತು ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯತ್ ಮಟ್ಟದಲ್ಲೇ ಸ್ವಯಂಚಾಲಿತ ಮಾಪಕ ಇಟ್ಟಿದೆ. ಇದರೊಳಗಿನ ಪುಟ್ಟ ಜೋಡಿ ಬಟ್ಟಲು ಒಂದು ಬದಿ ತುಂಬಿದ ಕೂಡಲೇ ವಾಲಿ ಚೆಲ್ಲುತ್ತದೆ. ಎಷ್ಟು ಸಲ ವಾಲಿತು ಎಂಬುದೇ ಲೆಕ್ಕ. ಅಂಕಿ 15 ನಿಮಿಷಕ್ಕೊಮ್ಮೆ ಬೆಂಗಳೂರಿಗೆ. ಜಡಿಮಳೆಯಲ್ಲಿ ಬಟ್ಟಲು ವಾಲುವ ಕ್ಷಣದಲ್ಲಿ ಒಂದಿಷ್ಟು ನೀರು ಲೆಕ್ಕ ತಪ್ಪುವುದುಂಟು. ನಮ್ಮ ಆಟಿ ತಿಂಗಳ ಮಳೆಗೆ ಅದು ಸಣ್ಣ ಸಂಗತಿಯಲ್ಲ. ಲೆಕ್ಕಕ್ಕೆ ಸಿಗದ ಮಳೆಯ ಕತೆ ಹಳೆಯದು. ‘ಅರ್ಥಶಾಸ್ತ್ರ’ದಲ್ಲಿ ಕೌಟಿಲ್ಯ ಅಶ್ಮಕಕ್ಕೆ ಇಷ್ಟು ದ್ರೋಣ, ಅವಂತಿಗೆ ಇಷ್ಟು ಎಂದು ಮಳೆಯ ಪಟ್ಟಿ ಕೊಡುತ್ತಾ ಬಂದು, ಪಡುವಣ ಕರಾವಳಿಯ ಅಪರಾಂತಕ್ಕೆ ‘ಅಮಿತ’ ಎಂದು ಬರೆದು ಕೈ ತೊಳೆದುಕೊಂಡಿದ್ದಾನೆ!

ಮಳೆಮಾಪಕವನ್ನು ಮನೆಯಲ್ಲೇ ಮಾಡಿಕೊಳ್ಳುವ ಮನಸ್ಸಿದ್ದರೆ 16 ಸೆಂ.ಮೀ. ಬಾಯಿಯ ಆಲಿಕೆ ಹುಡುಕಿ. ವಿಸ್ತೀರ್ಣ ಹೆಚ್ಚುಕಡಿಮೆ 200 ಚದರ ಸೆಂ.ಮೀ. ಬರುತ್ತದೆ, 20 ಮಿ.ಲೀ. ನೀರಿಗೆ ಒಂದು ಮಿ.ಮೀ. ಮಳೆ. ಎರಡು ಲೀಟರಿನ ಬಾಟಲಿ ನೂರು ಮಿ.ಮೀ.ಗೇ ತುಂಬಿ ಹೋಗುತ್ತದೆ. ಈ ಊರಿಗೆ ಐದು ಲೀಟರಿನದ್ದಾದರೂ ಬೇಕು.