ಆರಿದ ದೀಪದೊಳಗಿನ ಪಾದರಸ

ಕುಂದಾಪುರದ ದಕ್ಷಿಣಕ್ಕೆ, ಕೋಟೇಶ್ವರದ ಮಗ್ಗುಲಲ್ಲಿ, ಕಡಲಿಗೆ ಮುಖಮಾಡಿದ ಊರು ಬೀಜಾಡಿ. ಕೆಟ್ಟ ಟ್ಯೂಬ್‌ಲೈಟನ್ನು ತೋಡಿನ ಬದಿಗೆ ಎಸೆಯುವ ರೂಢಿ ಎಲ್ಲಿಯೂ ಸಲ್ಲದು. ಕಡಲ ಮಗ್ಗುಲಿನ ಊರಲ್ಲಂತೂ ಸಲ್ಲವೇ ಸಲ್ಲದು.

ಈ ದೀಪದಲ್ಲಿ ಪಾದರಸದ ಆವಿ ಸೂಸುವ ಅತಿನೇರಳೆ ಕಿರಣವನ್ನು ಗಾಜಿನ ಒಳಮೈಯ ಬಿಳಿಯ ಪುಡಿ ಬೆಳಕಾಗಿ ಮಾರ್ಪಡಿಸುತ್ತದೆ. ಪಾದರಸದ ಪ್ರಮಾಣ ಕೆಲವೇ ಮಿಲಿಗ್ರಾಂ. ಆದರೆ ನೀರು ಸೇರಿದ ಪಾದರಸವನ್ನು ಸೂಕ್ಷ್ಮಜೀವಿಗಳು ಮೀಥೈಲ್ ಪಾದರಸವೆಂಬ ಘೋರ ವಿಷವಾಗಿಸುತ್ತವೆ. ಅದು ಮೀನಿನ ಮೈಯಲ್ಲಿ ಶೇಖರವಾಗಿ ಊಟದೆಲೆಗೆ ಮರಳುತ್ತದೆ. ಜಪಾನಿನ ಮಿನಮಾಟದಲ್ಲಿ ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಇದೇ ವಿಷ ಬೆಸ್ತರ ಮನೆಗಳಿಗೆ ನರರೋಗ ತಂದುದು 1956ರಲ್ಲಿ ಬೆಳಕಿಗೆ ಬಂದಿತು.

ದೀಪ ಒಡೆದರೆ ಮಕ್ಕಳನ್ನು ಹೊರಗೆ ಕಳುಹಿಸಿ, ಫ್ಯಾನು ನಿಲ್ಲಿಸಿ, ಕಿಟಕಿ ತೆರೆದು, ಹತ್ತು ಹದಿನೈದು ನಿಮಿಷ ಕೋಣೆಯನ್ನು ಬಿಟ್ಟಿರಬೇಕು. ಹಿಡಿಸೂಡಿಯಿಂದ ಗುಡಿಸಿದರೆ ವಿಷದ ಪುಡಿ ಹರಡುತ್ತದೆ. ದಪ್ಪ ರಟ್ಟಿನಿಂದ ಚೂರುಗಳನ್ನು ಬಾಚಿ, ನೆಲವನ್ನು ಒದ್ದೆ ಕಾಗದದಿಂದ ಒರೆಸಿ, ಎಲ್ಲವನ್ನೂ ಬಿಗಿಮುಚ್ಚಳದ ಡಬ್ಬಿಯಲ್ಲಿಡಬೇಕು.

ಒಡೆಯದ ದೀಪವನ್ನು ಹೊಸ ದೀಪ ಬಂದ ರಟ್ಟಿನ ಹೊದಿಕೆಯಲ್ಲಿಟ್ಟು ಇ-ತ್ಯಾಜ್ಯ ಸಂಗ್ರಹಕ್ಕೆ ಒಪ್ಪಿಸುವುದು ಲೇಸು. ಇವನ್ನು ಮರಳಿ ಪಡೆಯುವ ಹೊಣೆಯನ್ನು 2016ರ ನಿಯಮಗಳು ತಯಾರಕರ ಮೇಲೆ ಹೊರಿಸಿದುವು. ಮರುಬಳಕೆಯ ಘಟಕದಲ್ಲಿ ಗಾಜು, ಅಲ್ಯೂಮಿನಿಯಂ, ಪಾದರಸಗಳು ಬೇರ್ಪಟ್ಟು ಮತ್ತೆ ಉಪಯೋಗಕ್ಕೆ ಬರುತ್ತವೆ.

ಎಲ್‌ಇಡಿ ಬಂದು ಹಳೆಯ ಕೊಳವೆಗಳು ಗೋಡೆಯಿಂದಿಳಿಯುತ್ತಿರುವ ಈ ಕಾಲವೇ ಎಚ್ಚರದ ಕಾಲ. ಮನೆಯನ್ನು ಬೆಳಗಿದ ದೀಪ ಕಡಲನ್ನು ಕೆಡಿಸದಿರಲಿ.